ಬರೆಯದೆ ಬಿಟ್ಟ ಷರತ್ತು

ಮಿಸ್ರಿಯಾ ಕೊಟ್ಟಾರದ ಒಂದು ಕಾನೂನು ಸಂಶೋಧನಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಕಚೇರಿ ನಡೆಸುತ್ತಿದ್ದ ಡಾ. ಹ್ಯೂಬರ್ಟ್ ಹಿಂದೆ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದ್ದವರು. ಮುಸ್ಲಿಂ ವಿವಾಹ ಒಂದು ಕರಾರು. ಅದರಲ್ಲಿ ಹೆಣ್ಣು ಷರತ್ತು ಹಾಕಬಹುದು. ಗಂಡ ಷರತ್ತು ಮುರಿದರೆ ತನ್ನನ್ನು ತಾನೇ ಬಿಡಿಸಿಕೊಳ್ಳುವ ಅಧಿಕಾರವನ್ನೂ ಅವನಿಂದ ಮೊದಲೇ ಪಡೆದಿಟ್ಟುಕೊಳ್ಳಬಹುದು. ಇದು ಅವಳ ಸಂಶೋಧನೆಯ ವಿಷಯ. ಇಷ್ಟು ಹಳೆಯ ಹಕ್ಕನ್ನು ನಮ್ಮ ಕರಾವಳಿಯಲ್ಲಿ ಕೇಳುವವರೇ ಇಲ್ಲವೆಂದು ಅವಳು ಬರೆದ ಲೇಖನ ಒಂದು ಕಾನೂನು ಪತ್ರಿಕೆಯಲ್ಲಿ ಅಚ್ಚಾಗಿತ್ತು. ಬಾಯಿಮಾತಿನ ಷರತ್ತು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ, ತಿಳಿದ ಹೆಣ್ಣು ಬರೆಸಿಕೊಳ್ಳದೆ ಬಿಡಬಾರದು ಎಂದು ಅದರಲ್ಲಿ ಹೇಳಿದ್ದಳು.

ಶಾರ್ಜಾದಲ್ಲಿ ಅಕೌಂಟೆಂಟ್ ಆಗಿದ್ದ ಸಫ್ವಾನ್‌ನ ಸಂಬಂಧ ಬಂದಾಗ, ಮನೆಯವರ ಒಪ್ಪಿಗೆ ಪಡೆದು ಅವನೇ ಒಂದು ಮಧ್ಯಾಹ್ನ ಕಚೇರಿಗೆ ಬಂದ. ಹ್ಯೂಬರ್ಟರ ಎದುರಿಗೇ ಮಾತಾಯಿತು.

"ನಿಮ್ಮ ಲೇಖನ ಓದಿದ್ದೇನೆ. ನಿಮಗೂ ಷರತ್ತು ಉಂಟಾ?" ಎಂದು ನಕ್ಕ.

"ಉಂಟು. ನನ್ನ ಒಪ್ಪಿಗೆ ಇಲ್ಲದೆ ಇನ್ನೊಂದು ಮದುವೆ ಆದರೆ ನನ್ನನ್ನು ನಾನೇ ಬಿಡಿಸಿಕೊಳ್ಳುವ ಹಕ್ಕು ಬೇಕು."

"ಅಷ್ಟೇ ಅಲ್ವಾ? ಬರೆಸುವ. ನನಗೆ ಎಂತ ಹೆದರಿಕೆ?"

ಹ್ಯೂಬರ್ಟ್ ಎದ್ದು ಬಂದು ಅವನ ಕೈ ಕುಲುಕಿದರು. "ಇಂಥ ಹುಡುಗ ಸಿಗುವುದಿಲ್ಲ ಮಾರಾಯ್ತಿ," ಎಂದರು. ಸಂಜೆ ಮನೆಗೆ ಬಂದು ಅವಳ ತಂದೆಯ ಎದುರಿಗೂ ಸಫ್ವಾನ್ ಅದೇ ಮಾತು ಹೇಳಿದ.

ನಿಖಾಹ್ ಪಡೀಲ್‌ನ ಒಂದು ಹಾಲ್‌ನಲ್ಲಿ ನಡೆಯಿತು. ನಿಖಾಹ್ ನಡೆಸಿಕೊಡಲು ಬಂದಿದ್ದ ಮಸೀದಿಯ ಖತೀಬರು ಷರತ್ತಿನ ಸಾಲನ್ನು ಓದಿ, ಇದು ಸರಿಯಾಗಿಯೇ ಇದೆ, ಬರೆಯಲು ಅಡ್ಡಿಯಿಲ್ಲ ಎಂದರು. ತಕರಾರು ಎತ್ತಿದ್ದು ಸಫ್ವಾನ್‌ನ ದೊಡ್ಡಪ್ಪ ಮೂಸಬ್ಬ ಹಾಜಿ. ಪಣಂಬೂರಿನಲ್ಲಿ ಅವರಿಗೆ ದೊಡ್ಡ ಕಾರ್ಖಾನೆಯಿತ್ತು. ಮಾತಿಗೂ ಅಷ್ಟೇ ತೂಕ. "ಒಳ್ಳೆ ದಿನ ತಲಾಖಿನ ಮಾತು ಬರೆಯುವುದಾ? ನಮ್ಮ ಹುಡುಗನ ಮೇಲೆ ನಂಬಿಕೆ ಇಲ್ಲದಿದ್ದರೆ ಎದ್ದು ಹೋಗುವ," ಎಂದರು. ಸಫ್ವಾನ್ ತಲೆ ತಗ್ಗಿಸಿ ಕುಳಿತಿದ್ದ.

ಮಿಸ್ರಿಯಾಳ ತಂದೆ ಇದಿನಬ್ಬ ಪಡೀಲ್‌ನಲ್ಲಿ ಹೆಂಚು-ಸಿಮೆಂಟಿನ ಅಂಗಡಿ ಇಟ್ಟುಕೊಂಡವರು, ಯಾರೊಂದಿಗೂ ಜಗಳಕ್ಕೆ ನಿಲ್ಲದ ಮನುಷ್ಯ. ಹೆಂಗಸರಿದ್ದ ಕೋಣೆಯ ಬಾಗಿಲಿಗೆ ಬಂದು ಮಗಳನ್ನು ಕರೆದರು. ಹಣೆಯಲ್ಲಿ ಬೆವರಿತ್ತು.

"ಮಗಳೇ, ಅವನು ಬಾಯಲ್ಲಿ ಒಪ್ಪಿದ್ದಾನಲ್ಲ. ಜನ ಎಲ್ಲ ಬಂದು ಕೂತಿದ್ದಾರೆ. ಬರೆಯುವುದು ಬಿಡುವಾ?"

ಒಳಗೆ ಉಮ್ಮ, ಚಿಕ್ಕಮ್ಮಂದಿರು, ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಲೇಖನದಲ್ಲಿ ಇಂಥ ಕೋಣೆಯ ಬಗ್ಗೆ ಅವಳು ಏನೂ ಬರೆದಿರಲಿಲ್ಲ.

"ಆಯ್ತು ಉಪ್ಪ," ಎಂದಳು.

ಎರಡು ವರ್ಷ ಚೆನ್ನಾಗಿಯೇ ಕಳೆಯಿತು. ಸಫ್ವಾನ್ ರಜೆಗೆ ಬರುತ್ತಿದ್ದ, ಹೋಗುತ್ತಿದ್ದ. ಒಂದು ಶುಕ್ರವಾರ ಫೋನ್ ಮಾಡಿ, ಅಲ್ಲಿಯೇ ಒಂದು ಮದುವೆಯಾಗಿದ್ದೇನೆ ಎಂದ.

"ಬೇರೆಯವರಿಂದ ಗೊತ್ತಾಗುವುದು ಬೇಡ ಅಂತ ನಾನೇ ಹೇಳ್ತಾ ಇದ್ದೇನೆ. ನಿನಗೆ ಎಂತದೂ ಕಮ್ಮಿ ಮಾಡುವುದಿಲ್ಲ."

"ನೀವು ಮಾತು ಕೊಟ್ಟಿದ್ರಿ."

"ಅದೆಲ್ಲ ಆಗಿನ ಮಾತು ಮಿಸ್ರಿಯಾ."

ಮದುವೆಯಲ್ಲಿ ಅವನು ಕೊಟ್ಟ ಮಹರ್ ಹಿಂದಿರುಗಿಸಿ ಖುಲಾ ಕೇಳು, ಗಂಡ ಒಪ್ಪಿದರೆ ಬಿಡುಗಡೆಯಾಗುತ್ತದೆ ಎಂದು ಮನೆಯವರು ಹೇಳಿದರು. ಅವಳು ಒಪ್ಪಲಿಲ್ಲ. ಮಾತು ಮುರಿದವನು ಅವನು, ಬೇಡಿಕೊಳ್ಳುವವಳು ತಾನೇಕೆ? ಅವನು ಕೊಟ್ಟ ಅಧಿಕಾರದಿಂದಲೇ ಬಿಡಿಸಿಕೊಂಡಿದ್ದೇನೆಂದು ನೋಟಿಸು ಕಳಿಸಿದಳು. ಅಂಥ ಮಾತೇ ಆಗಿಲ್ಲವೆಂದು ಸಫ್ವಾನ್‌ನಿಂದ ಉತ್ತರ ಬಂತು. ಆ ಬಿಡುಗಡೆಯನ್ನು ಊರ್ಜಿತ ಮಾಡಿಸಲು ಅವಳ ವಕೀಲೆ ವಿನಿಫ್ರೆಡ್ ದಾವೆ ಹೂಡಿದರು.

"ಬಾಯಿಮಾತಾದರೂ ಕಾನೂನು ಒಪ್ಪುತ್ತದೆ. ಆದರೆ ಸಾಕ್ಷಿ ಬೇಕು. ಯಾರಿದ್ರು ಆಗ?" ಎಂದು ಕೇಳಿದರು ವಿನಿಫ್ರೆಡ್.

ಹ್ಯೂಬರ್ಟ್ ಇದ್ದರು. ಆದರೆ ಅಷ್ಟರಲ್ಲಿ ಕಚೇರಿಯೇ ಬದಲಾಗಿತ್ತು. ವಿವಾಹ ಕಾನೂನಿನ ಯೋಜನೆಗೆ ಬರುತ್ತಿದ್ದ ಅನುದಾನ ನಿಂತು, ಸುಸ್ಥಿರ ಹಣಕಾಸಿನ ನಿಯಮಗಳ ಕೆಲಸ ತುಂಬಿಕೊಂಡಿತ್ತು. ಪರಿಸರ ಕಾಪಾಡುತ್ತೇವೆಂದು ಹೇಳಿ ಕಂಪೆನಿಗಳು ಹಸಿರು ಬಾಂಡ್ ಮಾರಿ ಸಾಲ ಎತ್ತುತ್ತವೆ. ಹಾಗೆ ಎತ್ತುವವರು ಯಾವ ನಿಯಮ ಪಾಲಿಸಬೇಕೆಂದು ಈ ಕಚೇರಿ ಹೇಳಿಕೊಡುತ್ತಿತ್ತು. ದೊಡ್ಡ ಕಕ್ಷಿದಾರರು ಮೂಸಬ್ಬ ಹಾಜಿಯವರೇ. ಕಾರ್ಖಾನೆಯ ಕೊಳಕು ನೀರನ್ನು ಶುದ್ಧ ಮಾಡಿಯೇ ಬಿಡುತ್ತೇವೆಂದು ಅವರ ಕಂಪೆನಿ ಮಾತು ಕೊಡುವುದಿತ್ತು.

ಅದಕ್ಕಾಗಿ ಹಾಜಿಯವರೊಂದಿಗೆ ನಡೆದ ಸಭೆಯ ಟಿಪ್ಪಣಿ ಮಾಡಿಕೊಳ್ಳಲು ಹ್ಯೂಬರ್ಟ್ ಮಿಸ್ರಿಯಾಳನ್ನೇ ಕೂರಿಸಿದರು.

"ಹಾಜಿಯವರೇ, ಇದರಲ್ಲಿ ಬಾಯಿಮಾತು ನಡೆಯುವುದಿಲ್ಲ," ಎಂದರು ಹ್ಯೂಬರ್ಟ್. "ಪ್ರತಿಯೊಂದು ಭರವಸೆಯೂ ಬರಹದಲ್ಲಿರಬೇಕು. ನಡೆಸಿದ್ದೀರಾ ಇಲ್ಲವಾ ಅಂತ ಹೊರಗಿನವರು ಬಂದು ನೋಡಬೇಕು."

"ಬರೆಯಿರಿ, ಬರೆಯಿರಿ," ಎಂದರು ಹಾಜಿ. "ಹಣ ಹಾಕುವವರಿಗೆ ನಂಬಿಕೆ ಬರಬೇಕಲ್ಲ."

ಮಿಸ್ರಿಯಾ ಬರೆದುಕೊಂಡಳು. ಹಾಜಿ ಹೊರಡುವಾಗ ಅವಳ ಕಡೆ ನೋಡಿ, "ಉಪ್ಪ ಹೇಗಿದ್ದಾರೆ?" ಎಂದು ಕೇಳಿದರು. "ಚೆನ್ನಾಗಿದ್ದಾರೆ," ಎಂದಳು. ಕಾರು ಹೋದ ಮೇಲೆ ಹ್ಯೂಬರ್ಟರ ಕೋಣೆಗೆ ಹೋಗಿ, ಸಾಕ್ಷಿ ಹೇಳುವಿರಾ ಎಂದು ನೇರವಾಗಿ ಕೇಳಿದಳು.

ಅವರು ಕನ್ನಡಕ ತೆಗೆದು ಒರೆಸಿದರು. "ನಾನು ಮಧ್ಯೆ ಬರುವುದು ಸರಿಯಾಗುವುದಿಲ್ಲ. ಅವತ್ತು ಎಂತ ಮಾತಾಯಿತು ಅಂತ ನನಗೆ ಸರಿಯಾಗಿ ನೆನಪೂ ಇಲ್ಲ."

"ಕೈ ಕುಲುಕಿದ್ದು ನೆನಪುಂಟಾ ಸರ್?"

ಅವರು ಕನ್ನಡಕ ಹಾಕಿಕೊಂಡು ಹಾಜಿಯವರ ಕಡತ ಬಿಡಿಸಿದರು. ಅವಳು ಆ ತಿಂಗಳಿಗೇ ಕೆಲಸ ಬಿಟ್ಟಳು.

ಉಳಿದ ಸಾಕ್ಷಿ ಇದಿನಬ್ಬ ಒಬ್ಬರೇ. "ನಾನು ಬರ್ತೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ," ಎಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಟಕಟೆ ಹತ್ತಿದರು. ಸಫ್ವಾನ್ ಷರತ್ತಿಗೆ ಒಪ್ಪಿದ್ದನ್ನು ಸ್ಪಷ್ಟವಾಗಿ ಹೇಳಿದರು. ಆಮೇಲೆ ಎದುರು ವಕೀಲರು ಎದ್ದರು. ಅವರ ಕೈಯಲ್ಲಿ ಮಿಸ್ರಿಯಾಳ ಲೇಖನವಿತ್ತು. ತಿಳಿದ ಹೆಣ್ಣು ಬರೆಸಿಕೊಳ್ಳದೆ ಬಿಡಬಾರದು ಎಂಬ ಸಾಲನ್ನು ಗಟ್ಟಿಯಾಗಿ ಓದಿದರು.

"ಇಷ್ಟು ತಿಳಿದ ನಿಮ್ಮ ಮಗಳು ಯಾಕೆ ಬರೆಸಲಿಲ್ಲ? ಬರೆಯುವುದು ಬೇಡ ಎಂದು ಖತೀಬರಿಗೆ ಹೇಳಿದ್ದು ಯಾರು?"

ಇದಿನಬ್ಬ ಮಗಳ ಕಡೆ ನೋಡಿದರು.

"ನಾನು."

"ಮಗಳನ್ನು ಕೇಳಿ ಹೇಳಿದಿರಾ?"

"ಕೇಳಿಯೇ ಹೇಳಿದ್ದು. ಆಯ್ತು ಅಂದಳು."

ವಿನಿಫ್ರೆಡ್ ಪೆನ್ನು ಕೆಳಗಿಟ್ಟರು. ಷರತ್ತನ್ನು ಹೆಣ್ಣಿನ ಕಡೆಯವರೇ ನಿಖಾಹ್‌ಗೆ ಮೊದಲು ಕೈಬಿಟ್ಟಿದ್ದಾರೆ, ಅದಕ್ಕೆ ಅವಳ ಸಮ್ಮತಿಯೂ ಇತ್ತು ಎಂದು ದಾವೆ ವಜಾ ಆಯಿತು.

ತೀರ್ಪಿನ ದಿನ ಹೊರಗೆ ಮರದ ಬುಡದಲ್ಲಿ ಇದಿನಬ್ಬ ಕೇಳಿದರು. "ಸುಳ್ಳು ಹೇಳಬೇಕಿತ್ತಾ ಮಗಳೇ?"

ಹೇಳಿದ್ದರೆ ತಾನು ಬಿಡುಗಡೆಯಾಗುತ್ತಿದ್ದೆನೇನೋ ಎಂದು ಅವಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು. "ಇಲ್ಲ," ಎಂದಳು. ಬೇರೆ ಕಾರಣ ಹಿಡಿದು ಇನ್ನೊಂದು ದಾವೆ ಹಾಕಬಹುದು, ವರ್ಷಗಟ್ಟಲೆ ಹಿಡಿಯುತ್ತದೆ ಎಂದರು ವಿನಿಫ್ರೆಡ್. ಮಿಸ್ರಿಯಾಳಲ್ಲಿ ತ್ರಾಣ ಉಳಿದಿರಲಿಲ್ಲ. ಖುಲಾ ಕೇಳಿದಳು.

ಮೂಸಬ್ಬ ಹಾಜಿಯವರ ಮನೆಯ ಚಾವಡಿಯಲ್ಲಿ ಎರಡೂ ಕಡೆಯ ಹಿರಿಯರು ಸೇರಿದರು. ಸಫ್ವಾನ್ ಶಾರ್ಜಾದಿಂದ ಫೋನಿನಲ್ಲಿ ಕಾಣಿಸಿಕೊಂಡು, ಒಪ್ಪಿದ್ದೇನೆ, ಮಹರ್ ಕೂಡ ಹಿಂದಕ್ಕೆ ಬೇಡ, ಅವಳೇ ಇಟ್ಟುಕೊಳ್ಳಲಿ ಎಂದ. ಚಾವಡಿಯಲ್ಲಿ ಮೆಚ್ಚುಗೆಯ ಗುಸುಗುಸು ಎದ್ದಿತು. "ಕೋರ್ಟಿಗೆ ಎಳೆದವಳಿಗೂ ಬಿಟ್ಟುಕೊಟ್ಟ. ದೊಡ್ಡ ಮನಸ್ಸು," ಎಂದರು ಯಾರೋ. ಇದಿನಬ್ಬ ಹಾಜಿಯವರ ಎರಡೂ ಕೈ ಹಿಡಿದುಕೊಂಡು, "ನಿಮ್ಮಿಂದ ಉಪಕಾರ ಆಯ್ತು," ಎಂದರು. ಹೇಳುವಾಗ ಅವರ ಬೆನ್ನು ಬಾಗಿತ್ತು.

ಆಟೋ ಹತ್ತಿದ ಮೇಲೆ, "ಹೇಗೂ ಮುಗಿಯಿತಲ್ಲ. ಒಳ್ಳೆಯ ಜನ ಅವರು," ಎಂದರು.

ಪಡೀಲ್ ತಲುಪುವವರೆಗೂ ಮಿಸ್ರಿಯಾ ಅವರ ಕಡೆ ತಿರುಗಲಿಲ್ಲ.