ಪರದೆಯ ಒಳಗೆ ಮಹಾನಂದಾ

ನಾನು ಒಂದು ಪರದೆ. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ನನ್ನ ಕಬ್ಬಿಣದ ಮೈ ಬೆಸುಗೆಯಾಯಿತು. ಮೂರು ಮಡಿಕೆ, ಹಸಿರು ಬಟ್ಟೆ, ಕಾಲಿಗೆ ಪುಟ್ಟ ಗಾಲಿಗಳು. ಗದಗ ಸೀಮೆಯ ಒಂದು ಆಸ್ಪತ್ರೆಗೆ ನನ್ನನ್ನು ಟೆಂಪೋದಲ್ಲಿ ತಂದಿಳಿಸಿದರು.

ಮೊದಮೊದಲು ಇಂಜೆಕ್ಷನ್ ಕೊಡುವಾಗ ಮರೆಯಾಗಿ ನಿಲ್ಲುವುದಷ್ಟೇ ನನ್ನ ಕೆಲಸ. ಏಟು ತಿಂದ ಹೆಂಗಸರು ಆಗಲೂ ಬರುತ್ತಿದ್ದರು. ಗಂಡಂದಿರೂ ಜೊತೆಗೇ ಒಳಗೆ ಬಂದು ನಿಲ್ಲುತ್ತಿದ್ದರು. ಪ್ರಶ್ನೆ ಹೆಂಡತಿಗೆ, ಉತ್ತರ ಗಂಡನದು. ಗಾಯಕ್ಕೆ ಪಟ್ಟಿ ಬೀಳುತ್ತಿತ್ತು, ಇಬ್ಬರೂ ಒಟ್ಟಿಗೆ ಮನೆಗೆ ಹೋಗುತ್ತಿದ್ದರು.

ಆಮೇಲೆ ನಮ್ಮ ಎಸ್ತರ್ ಸಿಸ್ಟರ್ ಒಂದು ತರಬೇತಿಗೆ ಹೋಗಿ ಬಂದರು. ಬಂದವರೇ ಡಾಕ್ಟರ ಹತ್ತಿರ ಹಟ ಹಿಡಿದು ಹೊಸ ಪದ್ಧತಿ ತಂದರು. ಬಂದ ಪ್ರತಿ ಹೆಂಗಸನ್ನೂ ಮೊದಲು ಒಬ್ಬಳನ್ನೇ ಮಾತಾಡಿಸಬೇಕು.

ಮಹಾನಂದಾ ಬಂದದ್ದು ಆಗಲೇ. ಕೈ ಮುರಿದಿತ್ತು. "ಬಚ್ಚಲದಾಗ ಜಾರಿ ಬಿದ್ಲ್ರೀ" ಎನ್ನುತ್ತ ಗಂಡ ಈರಣ್ಣನೂ ಒಳಗೆ ನುಗ್ಗಿದ.

"ನೀವು ಹೊರಗ ಕುಂದರ್ರಿ" ಎಂದರು ಸಿಸ್ಟರ್.

"ನಾ ಆಕಿ ಗಂಡ ಅದೀನ್ರೀ!"

"ಗೊತ್ತಾತ್ರಿ. ಇಲ್ಲಿ ಎಲ್ಲಾ ಹೆಣ್ಮಕ್ಕಳಿಗೂ ಇದೇ ಪದ್ಧತಿ."

ಅವನ ಕೈ ನನ್ನ ಮೇಲಿತ್ತು. ಒಮ್ಮೆ ತಳ್ಳಿದ್ದರೆ ನಾನು ಉರುಳಿಬೀಳುತ್ತಿದ್ದೆ. ಸಿಸ್ಟರ್ ಅವನ ಮುಖ ನೋಡುತ್ತ ನಿಂತೇ ಇದ್ದರು. ಅವನು ಕೈ ತೆಗೆದು ಹೊರಗೆ ಹೋದ! ನನಗೆ ನಂಬಲಾಗಲಿಲ್ಲ.

ಸಿಸ್ಟರ್ ಸ್ಟೂಲ್ ಎಳೆದುಕೊಂಡು ಕೂತರು. "ಮನ್ಯಾಗ ಯಾರರ ಹೊಡೀತಾರೇನವಾ?"

ಮಹಾನಂದಾ ನೆಲ ನೋಡಿದಳು. "ಇಲ್ರೀ."

ಸಿಸ್ಟರ್ ಒತ್ತಾಯಿಸಲಿಲ್ಲ. "ಇರಲಿ. ಯಾರರ ಹೊಡದ್ರ ಅದು ನಿನ್ನ ತಪ್ಪಲ್ಲ. ಯಾವಾಗ ಬೇಕಾದ್ರೂ ಬಾ, ನಾವದೀವಿ."

ಅವಳು ಗಂಡನ ಹಿಂದೆಯೇ ಹೋದಳು. ಎಲ್ಲ ವ್ಯರ್ಥವಾಯಿತೆಂದುಕೊಂಡೆ.

ಪ್ಲಾಸ್ಟರ್ ತೋರಿಸಲು ಮತ್ತೆ ಬಂದಾಗ ಈರಣ್ಣ ಹೇಳಿಸಿಕೊಳ್ಳದೆ ಹೊರಗೆ ಕೂತ. ಮಹಾನಂದಾ ಸಿಸ್ಟರ್ ಕೈ ಹಿಡಿದುಕೊಂಡಳು.

"ನಾ ಬಿದ್ದಿಲ್ರೀ. ಅವರೇ ಕೈ ತಿರುವಿದ್ರು" ಎಂದು ಪಿಸುಗುಟ್ಟಿದಳು. "ಮಗಳು ಸಾಲ್ಯಾಗ ಅದಾಳ. ಆಕೀನ ಬಿಟ್ಟು ನಾ ಎಲ್ಲೂ ಬರಂಗಿಲ್ಲ."

ಮೊದಲಾಗಿದ್ದರೆ ಇಂಥವಳು ಠಾಣೆಗೆ, ವಕೀಲರ ಬಳಿಗೆ, ಆಶ್ರಯದ ಮನೆಗೆ ಅಲೆಯಬೇಕಿತ್ತು. ಹೋದಲ್ಲೆಲ್ಲ ತನ್ನ ನೋವನ್ನು ಮೊದಲಿನಿಂದ ಹೇಳಬೇಕಿತ್ತು. ಈ ಸಲ ಸಿಸ್ಟರ್ ಅವಳನ್ನು ಕೇಳಿ ಫೋನ್ ಮಾಡಿದರು, ಎಲ್ಲರೂ ಅವಳಿದ್ದಲ್ಲಿಗೇ ಬಂದರು. ಹೆಂಗಸರಿಗೆ ನೆರವಾಗುವ ಕೇಂದ್ರದಿಂದ ಖಮರುನ್ನಿಸಾ ಹಿಂಬಾಗಿಲಿಂದ ಬಂದು ಅವಳ ಪಕ್ಕ ಕೂತರು. ಮಗಳನ್ನು ಕಳಿಸಿಕೊಡಲು ಮಹಾನಂದಾ ಫೋನಿನಲ್ಲಿ ಶಾಲೆಯ ಟೀಚರಿಗೆ ಹೇಳಿದಳು, ಮಾಮೂಲಿ ಸೀರೆಯುಟ್ಟ ಪೊಲೀಸಮ್ಮ ಹೋಗಿ ಅವಳನ್ನು ಕರೆತಂದಳು. "ಎಕ್ಸ್‌ರೇ ತಡ ಆಗ್ತದ್ರಿ" ಎಂದು ಸಿಸ್ಟರ್ ಈರಣ್ಣನಿಗೆ ಹೇಳಿದರು. ಒಬ್ಬಳ ಒಂದು ಪಿಸುಮಾತಿಗೆ ಇಷ್ಟು ಜನ! ನಾನು ಬೆರಗಾಗಿ ನೋಡುತ್ತಿದ್ದೆ.

"ಅವ್ವಾ, ಮನೀಗೆ ಹೋಗೂದನ?" ಮಗಳು ಕೇಳಿದಳು.

"ಇಲ್ಲವಾ" ಎಂದಳು ಮಹಾನಂದಾ.

ತಾಯಿ ಮಗಳು ಖಮರುನ್ನಿಸಾ ಜೊತೆ ಹಿಂಬಾಗಿಲಿಂದ ಆಶ್ರಯದ ಮನೆಗೆ ಹೋದರು. ಈರಣ್ಣ ಅವರ ಹತ್ತಿರ ಸುಳಿಯಬಾರದೆಂದು ಮುಂದೆ ಕೋರ್ಟು ಆದೇಶಿಸಿತು. ಪ್ಲಾಸ್ಟರ್ ಬಿಚ್ಚಿದ ದಿನ ಮಹಾನಂದಾ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿ ನಕ್ಕಳು. ಅವಳಿಗೆ ಹಲ್ಲು ಕಾಣುವಂತೆ ನಗಲು ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ಈಗ ನನಗೆ ತುಕ್ಕು ಹಿಡಿದಿದೆ. ಹಿತ್ತಲಲ್ಲಿ ನನ್ನ ಮೇಲೆ ಹಾಸಿಗೆಯ ಬಟ್ಟೆಗಳು ಒಣಗುತ್ತವೆ. ಆಸ್ಪತ್ರೆಯೊಳಗೆ ಏಟು ತಿಂದ ಹೆಂಗಸರಿಗಾಗಿಯೇ ಒಂದು ಕೋಣೆ ಕಟ್ಟಿದ್ದಾರೆ, ಗಟ್ಟಿ ಗೋಡೆ, ಗಟ್ಟಿ ಬಾಗಿಲು. ಬಟ್ಟೆಯ ಮರೆಯಲ್ಲಿ ಎಲ್ಲರೂ ಪಿಸುಗುಟ್ಟಬೇಕಿತ್ತು. ಆ ಕೋಣೆಯಲ್ಲಿ ಬಾಯಿಬಿಟ್ಟು ಅಳಬಹುದು. ಏನು ಮಾತಾಡುತ್ತಾರೋ, ನನಗೆ ಕೇಳಿಸುವುದಿಲ್ಲ. ಯಾರಿಗೂ ಕೇಳಿಸುವುದಿಲ್ಲ. ಅದೇ ನನಗೆ ಸಮಾಧಾನ.