ಗೇಟಿನ ನವಿಲು

"ಮೇಡಂ, ಮಿಷಿನ್ ಕೆಟ್ಟು ನಿಂತಿದೆ. ಪಾರ್ಟ್ ಬರ್ಬೇಕು," ಎಂದು ಫೋನಿನಲ್ಲಿ ಹೇಳುವಾಗ ನಿರಂಜನ ಕಾರ್ಖಾನೆಯ ಹೊರಗೆ, ಟಿ. ದಾಸರಹಳ್ಳಿಯ ಲಾರಿಗಳ ಗದ್ದಲದಲ್ಲಿ ನಿಂತಿದ್ದ. ಕೆಟ್ಟು ನಿಂತ ಯಂತ್ರದ ಸದ್ದು ಆ ಕಡೆ ಕೇಳಿಸಬಾರದಲ್ಲ.

ಒಳಗೆ ಲೇಸರ್ ಯಂತ್ರ ಸ್ಟೀಲ್ ತಗಡಿನಲ್ಲಿ ನವಿಲು ಕತ್ತರಿಸುತ್ತಿತ್ತು. ಮಾಲೀಕ ರಾಮಕೃಷ್ಣಪ್ಪ ಊರಂಚಿನ ಸಿಂಗಾಪುರ ಬಡಾವಣೆಯಲ್ಲಿ ಕಟ್ಟಿಸಿದ ಹೊಸ ಮನೆಗೆ ಗೇಟು ಬೇಕಿತ್ತು. ಗೇಟಿನ ತುಂಬ ನವಿಲು, ನವಿಲಿನ ಸುತ್ತ ಬಳ್ಳಿ, ನಡುವೆ ಅವನ ತಾತನ ಹೆಸರು. ಯಾವ ಯಂತ್ರದಲ್ಲಿ ಯಾವತ್ತು ಯಾರ ಕೆಲಸ ಎಂದು ಬೋರ್ಡಿನ ಮೇಲೆ ಬರೆಯುವುದೇ ನಿರಂಜನನ ಉದ್ಯೋಗ. ಇರುವುದೊಂದೇ ಲೇಸರ್. ಫೋನಿನಲ್ಲಿದ್ದ ಮೇಡಂ, ಗಾಲಿಕುರ್ಚಿ ತಯಾರಿಸುವ ಅತೀಯಾ, ಅವರ ಪ್ಲೇಟುಗಳಿಗೆಂದು ಅವನು ಬರೆದಿದ್ದನ್ನು ರಾಮಕೃಷ್ಣಪ್ಪ ಹೆಗಲ ಟವೆಲ್ಲಿನಿಂದ ಒರೆಸಿಬಿಟ್ಟಿದ್ದ.

"ಕೆಟ್ಟೋಗೈತೆ ಅನ್ನು. ಮಿಷಿನ್ ಅಂದ್ಮೇಲೆ ಕೆಡಲ್ವೇನಯ್ಯ?"

ಭಾನುವಾರ ಆ ಕುರ್ಚಿಗಳು ಒಂದು ಶಾಲೆಯ ಮಕ್ಕಳಿಗೆ ತಲುಪಬೇಕಿತ್ತು. ಅತೀಯಾ ಯಲಹಂಕದ ತಮ್ಮ ಶೆಡ್ಡಿನಲ್ಲಿ ಉಳಿದದ್ದೆಲ್ಲ ಜೋಡಿಸಿಟ್ಟು ಪ್ಲೇಟುಗಳಿಗಾಗಿ ಕಾದಿದ್ದರು. ದಿನವೂ ಫೋನ್ ಮಾಡುತ್ತಿದ್ದರು. ಬೈದಿದ್ದರೆ ನಿರಂಜನನಿಗೆ ಎಷ್ಟೋ ಹಗುರಾಗುತ್ತಿತ್ತು. "ಪಾಪ, ನೀವೇನ್ ಮಾಡ್ತೀರಾ ಬಿಡಿ," ಎಂದರು, ಇವತ್ತೂ.

ಮಧ್ಯಾಹ್ನ ಆಟೊ ಹಿಡಿದು ಬಂದೇಬಿಟ್ಟರು. ಜೊತೆಗೊಬ್ಬ ಮುದುಕ, ಹೆಗಲಲ್ಲಿ ಸ್ಪ್ಯಾನರುಗಳ ಚೀಲ.

"ಇವ್ರು ಮಜೀದ್ ಚಾಚಾ, ಯಶವಂತಪುರದವ್ರು. ಎಂಥಾ ಮಿಷಿನ್ ಇದ್ರೂ ರಿಪೇರಿ ಮಾಡ್ತಿದ್ರು. ಸುಮ್ನೆ ಒಂದ್ಸಲ ನೋಡ್ತಾರೆ, ದುಡ್ಡೇನೂ ಬೇಡ."

ಆಟೊ ಕಂಡಾಗಲೇ ರಾಮಕೃಷ್ಣಪ್ಪ ಕಣ್ಸನ್ನೆ ಮಾಡಿದ್ದ; ಒಳಗಿನ ಸದ್ದು ನಿಂತಿತ್ತು. ಅರ್ಧ ಕತ್ತರಿಸಿದ ತಗಡಿನ ಮೇಲೆ ಟಾರ್ಪಾಲು ಬಿದ್ದಿತ್ತು.

"ಬರ್ರವ್ವ, ನೀವಾದ್ರೂ ನೋಡಿ. ನಮ್ ಕೈಲಾಗ್ಲಿಲ್ಲ," ಎಂದ ಅವನು. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ.

ಮಜೀದ್ ಚಪ್ಪಲಿ ಬಿಟ್ಟು, ಬಿಸ್ಮಿಲ್ಲಾ ಎಂದು, ಮಂಡಿ ಹಿಡಿದುಕೊಂಡು ಮುಲುಗುತ್ತ ನೆಲಕ್ಕೆ ಮಲಗಿ ಯಂತ್ರದ ಅಡಿಗೆ ತೂರಿದರು. ಅತೀಯಾ ಮೊಬೈಲಿನ ಟಾರ್ಚ್ ಹಿಡಿದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ರಾಮಕೃಷ್ಣಪ್ಪ ಕಾಫಿ ತರಿಸಿ ಕುಡಿಯುತ್ತ, "ನಿಧಾನಕ್ಕೆ ನೋಡಪ್ಪ, ಅವಸರ ಇಲ್ಲ," ಎಂದ.

ತುಂಬ ಹೊತ್ತಿನ ಮೇಲೆ ಕೆಳಗಿನಿಂದ ದನಿ ಬಂತು. "ಎಲ್ಲಾ ಸರಿಯಾಗೇ ಕಾಣ್ತದೆ. ನನ್ಗೇ ತಿಳೀತಿಲ್ಲ, ಬೇಟಿ. ವಯಸ್ಸಾಯ್ತಲ್ಲ, ಮೊದ್ಲಿನ ಹಂಗೆ ಬರೋದಿಲ್ಲ."

ನಿರಂಜನನಿಗೆ ಸೊರ್ರೆಂದು ಕಾಫಿ ಹೀರುತ್ತಿದ್ದವನನ್ನು ಕಂಡರೆ ಹೇಸಿಗೆ. ಅದಕ್ಕಿಂತ ಹೆಚ್ಚು ಹೇಸಿಗೆ, ದಿನವೂ ಮೇಡಂ ಮೇಡಂ ಎಂದು ಸುಳ್ಳು ಹೇಳಿದ ತನ್ನ ನಾಲಿಗೆಯ ಮೇಲೆ.

"ಎದ್ದೇಳಿ ಚಾಚಾ," ಎಂದು ಬಗ್ಗಿ, ಕೈಕೊಟ್ಟು ಎಬ್ಬಿಸಿದ. ಟಾರ್ಪಾಲು ಎಳೆದು ನೆಲಕ್ಕೆಸೆದ.

"ಲೇ ನಿರಂಜನ," ರಾಮಕೃಷ್ಣಪ್ಪ ಲೋಟ ಕೆಳಗಿಟ್ಟ. "ನಾಳೆಯಿಂದ ಕೆಲ್ಸ ಬೇಕೋ ಬ್ಯಾಡ್ವೋ?"

ನಿರಂಜನ ಮೇನ್ ಸ್ವಿಚ್ ಹಾಕಿ, ಹಸಿರು ಗುಂಡಿ ಒತ್ತಿದ.

ಯಂತ್ರ ಬಿಟ್ಟಲ್ಲಿಂದಲೇ ಹಿಡಿದು, ಕಿಡಿ ಹಾರಿಸುತ್ತ, ಉಳಿದಿದ್ದ ಗರಿಗಳನ್ನೆಲ್ಲ ಅಚ್ಚುಕಟ್ಟಾಗಿ ಕತ್ತರಿಸಿ ಮುಗಿಸಿತು. ಅತೀಯಾ ಕೈಯಲ್ಲಿದ್ದ ಟಾರ್ಚ್ ಇನ್ನೂ ಉರಿಯುತ್ತಲೇ ಇತ್ತು. ಮಜೀದ್ ನವಿಲನ್ನು ಒಮ್ಮೆ ನೋಡಿದರು. ಆಮೇಲೆ ಎಣ್ಣೆಯಾದ ಕೈಯನ್ನು ಅಂಗಿಯ ಚುಂಗಿಗೆ ಒರೆಸಿಕೊಂಡು, ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದರು.