ಭಂಡಾರದ ಕಲ್ಲು

ದೇವದುರ್ಗದ ಕಡೆಯ ಆ ಗುಡ್ಡದಲ್ಲಿ ಕಂಬಳಿಹುಳಕ್ಕೂ ಒಂದು ಗಡಿ ಇತ್ತು. ಅದನ್ನು ಹಾಕುತ್ತಿದ್ದವನು ಸರ್ಕಾರದ ಮೋಜಣಿದಾರನಲ್ಲ, ಕುರುಬರ ಮುದುಕಪ್ಪ. ವರ್ಷವರ್ಷವೂ ಮೃಗಶಿರಾ ಮಳೆ ಬಿದ್ದ ಮೇಲೆ ಗುಡ್ಡದ ಕೆಳಗಿನ ಕುರುಚಲು ಕಾಡಿಗೆ ಹುಳ ಮುತ್ತುತ್ತಿತ್ತು. ಎಲೆಯ ಜೊತೆ ಅದು ಹೊಟ್ಟೆಗೆ ಹೋದರೆ ಆಡಿನ ಬಾಯಿ ಬಾತುಕೊಳ್ಳುತ್ತಿತ್ತು, ಗಬ್ಬದ ಆಡು ದಿನ ತುಂಬುವ ಮೊದಲೇ ಕಂದು ಹಾಕುತ್ತಿತ್ತು. ಮುದುಕಪ್ಪ ಹತ್ತಿ ಹೋಗಿ, ಹುಳ ನಿಂತಲ್ಲಿಯ ಕಲ್ಲಿಗೆ ದೇವರ ಭಂಡಾರದ ಅರಿಶಿನ ಬಳಿದು ಬರುತ್ತಿದ್ದ. ಆ ಕಲ್ಲಿನಿಂದ ಮೇಲಕ್ಕೆ ತಂಪು, ಹುಳ ಏರುವುದಿಲ್ಲ. ಹುಳ ಕಳೆಯುವವರೆಗೆ ಊರಿನ ಆಡೆಲ್ಲ ಆ ಕಲ್ಲಿನಿಂದ ಮೇಲಕ್ಕೇ ಮೇಯಬೇಕು. ಅಜ್ಜನ ಕಾಲದಿಂದಲೂ ಅದೇ ಕಲ್ಲು ಎಂದು ಎಲ್ಲರೂ ನಂಬಿದ್ದರು.

ಎಂಬತ್ನಾಲ್ಕನೆಯ ವಯಸ್ಸಿನಲ್ಲಿ ಮುದುಕಪ್ಪನ ಮೊಣಕಾಲು ಮುಷ್ಕರ ಹೂಡಿದವು. ಸೊಸೆ ಬಾಲಮ್ಮನ ಕೈಗೆ ಭಂಡಾರದ ಚೀಲ ಕೊಟ್ಟು, "ಹುಳ ಎಲ್ಲಿ ನಿಂತದೋ ಅಲ್ಲಿ ಹಚ್ಚಿ ಬಾರವ್ವ" ಎಂದ.

ಬಾಲಮ್ಮ ಹತ್ತಿದಳು. ಹಳದಿ ಕಲ್ಲು ಬಂತು, ಆದರೆ ಹುಳ ನಿಂತಿರಲಿಲ್ಲ. ಕಲ್ಲು ದಾಟಿ ಇನ್ನೂರು ಹೆಜ್ಜೆ ಹೋದರೂ ಎಲೆ ಎಲೆಗೂ ಹುಳವೇ. ನೀರಮಾನ್ವಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಇದೇ ದಿನಗಳಲ್ಲಿ ಇಲ್ಲಿ ಚಳಿಗೆ ಕಂಬಳಿ ಹೊದ್ದು ಕೂತಿದ್ದು ಅವಳಿಗೆ ನೆನಪಾಯಿತು. ಈಗ ಕುಪ್ಪಸ ಬೆವರಿಗೆ ಬೆನ್ನಿಗಂಟಿತ್ತು.

ಮೇಲಿನ ಕಲ್ಲಿಗೆ ಭಂಡಾರ ಹಚ್ಚಿದರೆ ಮಾವನ ಮಾತು ಸುಳ್ಳಾಗುತ್ತದೆ. ಸೊಸೆ ಕೈಹಾಕಿದ ವರ್ಷವೇ ಗಡಿ ಜಾರಿತು ಎಂದು ಮಂದಿ ಆಡಿಕೊಳ್ಳುತ್ತಾರೆ. ಅವಳು ಹಿಂದಿರುಗಿ, ಹಳೆಯ ಕಲ್ಲಿಗೇ ಬಳಿದು ಕೆಳಗಿಳಿದಳು.

"ಎಲ್ಲಿ ಹಚ್ಚಿದಿ?"

"ಅಲ್ಲೇ, ನಿಮ್ಮ ಕಲ್ಲಿಗೇ."

"ಖರೇನ?" ಎಂದು ಮುದುಕಪ್ಪ ಮತ್ತೊಮ್ಮೆ ಕೇಳಿದ. ಅವಳು ಹೂಂ ಎಂದಳು. ತನಗೆ ಕಾಲು ನೋವೆಂದು ನೆವ ಹೇಳಿ ತನ್ನ ಆಡುಗಳನ್ನು ಮಾತ್ರ ಹಿತ್ತಲಲ್ಲೇ ಕಟ್ಟಿ ಹಾಕಿದಳು. ಬೇರೆಯವರಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಎಂತಹ ಮರ್ಯಾದೆಯೋ ಏನೋ!

ಐದನೆಯ ದಿನ ನೆರೆಮನೆಯ ಹನುಮಂತ್ರಾಯ ಒಂದು ಆಡನ್ನು ಹೆಗಲ ಮೇಲೆ ಹೊತ್ತು ಬಂದ. ಅದರ ಬಾಯಿ ಬಾತು ಜೊಲ್ಲು ಸುರಿಯುತ್ತಿತ್ತು. ಆಗಲೇ ಮೂರು ಆಡು ಕಂದು ಹಾಕಿದ್ದವು.

"ಯಪ್ಪಾ, ಕಲ್ಲಿಗಿಂತ ಮ್ಯಾಲೇ ಮೇಯಿಸೀನಿ. ನಾ ಏನು ತಪ್ಪು ಮಾಡೀನಿ ಹೇಳು" ಎಂದು ಮುದುಕಪ್ಪನನ್ನು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಬಾಲಮ್ಮನನ್ನು ಸುಟ್ಟಿತು.

"ತಪ್ಪು ನಂದಣ್ಣಾ," ಎಂದಳು. "ಹುಳ ಕಲ್ಲು ದಾಟಿದ್ದು ಕಣ್ಣಾರೆ ನೋಡೀನಿ. ಮಾವನ ಮಾತು ಉಳಿಸಾಕ ಸುಳ್ಳು ಹೇಳಿದೆ." ಹೇಳಿದ ಮೇಲೆ ಅಳು ಒತ್ತರಿಸಿ ಬಂತು.

ಮುದುಕಪ್ಪ ಆ ಆಡಿನ ಬಾತ ಬಾಯಿ ಸವರಿದ.

"ಆಕಿಗೆ ಸುಳ್ಳು ಕಲಿಸಿದವ ನಾನೇ," ಎಂದ. "ನಮ್ಮಪ್ಪನ ಕಲ್ಲು ಕೆಳಗ ಹಳ್ಳದ ದಂಡೀಗಿತ್ತು. ನಾ ಎರಡು ಸಲ ಗಡೀನ ಮ್ಯಾಲ ಜರಗಿಸೀನಿ. ಹಳೇ ಕಲ್ಲು ಉಜ್ಜಿ ತೊಳದು, ಇದೇ ಅಜ್ಜನ ಕಲ್ಲು ಅಂತ ಹೇಳಿದೆ. ವರ್ಷಾ ವರ್ಷಾ ಬಿಸಲು ಗುಡ್ಡ ಏರಾಕತ್ತದ, ಅದರ ಬೆನ್ನ ಹಿಂದ ಹುಳಾನೂ ಏರಾಕತ್ತದ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಗಡಿ ಜರಗ್ತದ ಅಂದ್ರ ನನ್ನ ಮಾತು ಯಾರು ಕೇಳ್ತಿದ್ರು?"

ಮರುದಿನ ಬೆಳಿಗ್ಗೆ ಬಾಲಮ್ಮನ ಜೊತೆ ಹನುಮಂತ್ರಾಯನೂ ಗುಡ್ಡ ಹತ್ತಿದ. ಇಬ್ಬರೂ ಎಲೆ ತಿರುವಿ ತಿರುವಿ ನೋಡುತ್ತ, ಹುಳ ನಿಂತ ಜಾಗ ಹುಡುಕಿ ಅಲ್ಲಿಯ ಕಲ್ಲಿಗೆ ಭಂಡಾರ ಹಚ್ಚಿದರು.

ಮುದುಕಪ್ಪ ಹೊಸ್ತಿಲಲ್ಲೇ ಕಾಯುತ್ತಿದ್ದ.

"ಹಚ್ಚಿದ ಕಲ್ಲಿಗಿಂತ ಮ್ಯಾಲ ಎಷ್ಟು ಕಲ್ಲು ಉಳದಾವ?"

"ಒಂದ ಯಪ್ಪಾ. ಅದರ ಮ್ಯಾಲ ಗುಡ್ಡ ಇಲ್ಲ," ಎಂದಳು ಬಾಲಮ್ಮ.

ಮುದುಕನ ಕಣ್ಣು ತುಂಬಿ ಬಂದವು. ಬಾಲಮ್ಮ ಚೀಲ ಹಿಂದಿರುಗಿಸಲು ಹೋದರೆ ಅವನು ತೆಗೆದುಕೊಳ್ಳಲಿಲ್ಲ.

"ನಿನ್ನ ಹತ್ರಾನೇ ಇರಲಿ. ನಾಳೆ ನಾ ತೊಳೆದ ಎರಡು ಕಲ್ಲಿಗೂ ಹಚ್ಚಿ ಬಾ. ಎಲ್ಲಿಂದ ಎಲ್ಲಿಗೆ ಬಂದೀವಿ ಅಂತ ಮಂದಿ ನೋಡಲಿ."